ಅಜ್ಜಿಯನ್ನು ಸಾಯಿಸಿದ ಅರ್ಜಿ

ಮಾರ್ಚ್ 3, ಸೋಮವಾರ

ಕಾಲೇಜಿನವರು ಅದಕ್ಕೆ ‘ವೈಯಕ್ತಿಕ ಹೇಳಿಕೆ’ ಎಂದು ಹೆಸರಿಟ್ಟಿದ್ದಾರೆ. ಪೊಲೀಸ್ ಠಾಣೆಯಲ್ಲಿ ಕೂರಿಸಿ ಬರೆಸಿಕೊಳ್ಳುತ್ತಾರಲ್ಲ, ಅದೇ ಮಾತು. ನೀವು ಫಾರ್ಮಸಿಯನ್ನು ಏಕೆ ಓದಬಯಸುತ್ತೀರಿ, ನಿಮ್ಮದೇ ಮಾತುಗಳಲ್ಲಿ ಒಂದು ಪುಟ ಮೀರದಂತೆ ವಿವರಿಸಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಬಾಯಿ ಮುಚ್ಚದ ನಾನು ಆ ಪುಟದ ಮುಂದೆ ಕೂತರೆ ಮೂಗಿಯಾಗುತ್ತೇನೆ.

ಹೋದ ವರ್ಷ ಬರೆದದ್ದು ಹೀಗೆ ಶುರುವಾಗಿತ್ತು: ‘ಚಿಕ್ಕಂದಿನಿಂದಲೂ ನನಗೆ ಜನಸೇವೆಯ ಹಂಬಲವಿತ್ತು.’ ಶುದ್ಧ ಸುಳ್ಳು. ಚಿಕ್ಕಂದಿನಲ್ಲಿ ನನಗಿದ್ದ ಹಂಬಲ ಅಕ್ಕನ ಸೈಕಲ್ಲಿನ ಮೇಲೆ ಮಾತ್ರ. ಅಂಕಗಳೇನೋ ಸಾಕಷ್ಟಿದ್ದವು, ಹೇಳಿಕೆ ‘ಸಾಮಾನ್ಯವಾಗಿದೆ’ ಎಂದು ಅರ್ಜಿಯನ್ನು ಬದಿಗಿಟ್ಟರು. ಆ ಕಾಲೇಜು ಒಬ್ಬರಿಂದ ಎರಡೇ ಸಲ ಅರ್ಜಿ ತೆಗೆದುಕೊಳ್ಳುತ್ತದೆ. ಬೇರೆ ಕಾಲೇಜುಗಳ ಫೀಸು ನಮ್ಮ ಮನೆಯ ಅಳತೆಯದ್ದಲ್ಲ. ಈ ಸಲ ತಪ್ಪಿದರೆ ಈಗ ಕೆಲಸಕ್ಕಿರುವ ಮೆಡಿಕಲ್ ಶಾಪಿನ ಕೌಂಟರಿನ ಹಿಂದೆಯೇ ನನ್ನ ತಲೆ ನರೆಯುತ್ತದೆ.

ಆ ಕೌಂಟರಿನ ಮಾತು ಬರೆಯಬಾರದು ಅಂದುಕೊಂಡಿದ್ದೆ, ಆದರೆ ಹೊಟ್ಟೆ ಉರಿಯುತ್ತಿದೆ. ನಮ್ಮ ಅಂಗಡಿಯ ಯಜಮಾನರಿಗೆ ಗಿರಾಕಿಗಳು ಇಟ್ಟ ಹೆಸರು ಮೇಷ್ಟ್ರು. ಅವರು ಔಷಧಿಯನ್ನು ಸುಮ್ಮನೆ ಕೊಡುವವರಲ್ಲ. ಯಾವ ಮಾತ್ರೆ, ಯಾವ ಹೊತ್ತು, ಊಟಕ್ಕೆ ಮೊದಲೋ ಆಮೇಲೋ ಎಲ್ಲ ಹೇಳಿ, ಮನೆಯಲ್ಲಿ ಬೇರೆ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿ, ಕೊನೆಗೆ ಗಿರಾಕಿಯಿಂದ ಅಷ್ಟನ್ನೂ ಮಗ್ಗಿಯ ಹಾಗೆ ಒಪ್ಪಿಸಿಕೊಳ್ಳುತ್ತಾರೆ. ಒಪ್ಪಿಸುವವರೆಗೆ ಪೊಟ್ಟಣ ಅವರ ಕೈಯಲ್ಲೇ. ಹಿಂದೆ ಸಾಲು ಬೆಳೆಯುತ್ತಾ ಬೀದಿಗೆ ಇಳಿಯುತ್ತದೆ. ಇವತ್ತು ಒಬ್ಬರು ಬಸ್ಸು ತಪ್ಪುತ್ತದೆಂದು ಪೊಟ್ಟಣ ಬಿಟ್ಟೇ ಹೋದರು. ಹೋಗುವಾಗ ಬಯ್ದದ್ದು ಯಾರಿಗೆ? ಬಾಗಿಲ ಹತ್ತಿರ ರಟ್ಟಿನ ಪೆಟ್ಟಿಗೆ ಬಿಚ್ಚುತ್ತಿದ್ದ ನನಗೆ.

ನಾನು ಓದಿ ನನ್ನದೇ ಅಂಗಡಿ ಇಟ್ಟರೆ ಒಂದೇ ನಿಯಮ. ಚೀಟಿ ಕೊಡಿ, ಔಷಧಿ ಹಿಡಿಯಿರಿ, ಹೊರಡಿ.

ಮಾರ್ಚ್ 5, ಬುಧವಾರ

ಎರಡು ವಾಕ್ಯ ಬರೆದಿದ್ದೆ. ಅಜ್ಜಿ ಅದರ ಮೇಲೆ ಚಹಾ ಚೆಲ್ಲಿದಳು.

ಕುರ್ಚಿಯಿಂದ ಏಳುವಾಗ ತಲೆ ತಿರುಗಿತಂತೆ, ಮೇಜು ಹಿಡಿದುಕೊಳ್ಳಲು ಹೋಗಿ ಲೋಟ ಹಿಡಿದಳು. ಹೋದ ತಿಂಗಳು ಅಕ್ಕನ ಮನೆಯಲ್ಲಿ ಸ್ವಲ್ಪ ದಿನ ಇದ್ದು ಬಂದಾಗಿನಿಂದ ಇದೇ ಪಾಡು. ನಿಂತರೆ ತಲೆ ತಿರುಗುವುದು, ಕೂತರೆ ತೂಕಡಿಕೆ. ಮೊದಲು ನನ್ನ ಹಿಂದೆ ಮುಂದೆ ಸುತ್ತಿ ತಲೆ ತಿನ್ನುತ್ತಿದ್ದವಳು ಈಗ ಮಾತಿನ ನಡುವೆಯೇ ನಿದ್ದೆ ಹೋಗುತ್ತಾಳೆ. ವಯಸ್ಸು ಎಂದು ಅಮ್ಮ ಹೇಳಿದಳು. ಇರಬಹುದು. ಆದರೆ ಚೆಲ್ಲಲು ನನ್ನ ಕಾಗದವೇ ಬೇಕಿತ್ತೇ? ಸ್ವಲ್ಪ ಗದರಿಬಿಟ್ಟೆ. ಕೇಳಿಸದವಳ ಹಾಗೆ ಗೋಡೆ ಹಿಡಿದುಕೊಂಡು ಹೋಗಿ ಮಲಗಿದಳು.

ಆ ಎರಡು ವಾಕ್ಯಗಳೂ ಉಳಿಸಿಕೊಳ್ಳುವಂಥವೇನಲ್ಲ ಬಿಡಿ.

ಮಾರ್ಚ್ 9, ಭಾನುವಾರ

ಅಕ್ಕ ಭಾವ ಬಂದಿದ್ದರು. ಭಾವ ವಿಮೆ ಮಾರುವವರು, ಅವರ ಬಾಯಿಗೆ ರಜೆ ಎಂಬುದಿಲ್ಲ. ನನ್ನ ಹೊಸ ಪ್ರಯತ್ನವನ್ನು ಓದಿ, ಕನ್ನಡಕ ತೆಗೆದು, ದೊಡ್ಡ ಡಾಕ್ಟರ ಹಾಗೆ ನಿಟ್ಟುಸಿರು ಬಿಟ್ಟರು.

“ಪುಟ್ಟಿ, ಇದರಲ್ಲಿ ಎಲ್ಲಾ ಇದೆ. ಒಂದು ಸಾವಿಲ್ಲ.”

ಸಾವಿನ ಮಾತು ಎತ್ತದೆ ಯಾರೂ ಸಹಿ ಹಾಕುವುದಿಲ್ಲ ಎಂಬುದು ಅವರ ಇಷ್ಟು ವರ್ಷದ ಅನುಭವವಂತೆ. ಆಯ್ಕೆ ಮಾಡುವವರು ನೂರಾರು ಹೇಳಿಕೆ ಓದಿ ಬೇಸತ್ತಿರುತ್ತಾರೆ, ಕಣ್ಣಲ್ಲಿ ನೀರು ತರಿಸಿದವರಿಗೆ ಸೀಟು. ನಮ್ಮ ಮನೆಯಲ್ಲಿ ಯಾರೂ ಸತ್ತಿಲ್ಲವಲ್ಲ ಎಂದೆ. ಅದನ್ನು ಕೊರತೆ ಎನ್ನುವಂತೆ ಹೇಳಿದ್ದಕ್ಕೆ ನನಗೇ ನಗು ಬಂತು, ಆದರೆ ಉಳಿದವರು ಗಂಭೀರವಾಗಿ ಹುಡುಕತೊಡಗಿದರು. ಅಮ್ಮ ನಾನು ಹುಟ್ಟುವ ಮೊದಲೇ ತೀರಿಕೊಂಡ ತನ್ನ ದೊಡ್ಡಮ್ಮನನ್ನು ಕೊಟ್ಟಳು. ಪಕ್ಕದ ಮನೆಯ ನಾಯಿಯನ್ನು ಅಕ್ಕ ಕೊಟ್ಟಳು. ಅಪ್ಪನಿಗೆ ರಾತ್ರಿ ಪಾಳಿ, ಅವನ ಅಭಿಪ್ರಾಯ ಎಂದಿನಂತೆ ನಿದ್ದೆಯಲ್ಲಿತ್ತು.

ಭಾವನ ಕಣ್ಣು ನಿಧಾನವಾಗಿ ಅಜ್ಜಿಯ ಕೋಣೆಯ ಕಡೆ ತಿರುಗಿತು. ಅಜ್ಜಿ ಬದುಕಿದ್ದಾಳೆ ಎಂದು ನೆನಪಿಸಿದೆ.

“ಸಾಯೋದು ಕಾಗದದ ಮೇಲೆ ತಾನೇ” ಅಂದರು.

ಅಮ್ಮ ‘ಬಿಡ್ತು ಅನ್ನಿ’ ಎಂದಳು. ಆಮೇಲೆ, ಹಾಗೆ ಬರೆದರೆ ಸೀಟು ಗ್ಯಾರಂಟಿಯೇ ಎಂದು ಕೇಳಿದಳು.

ಮಾರ್ಚ್ 10, ಸೋಮವಾರ

ಬರೆದೆ. ನಾಚಿಕೆಯಾಗಬೇಕು, ಆದರೆ ಸಲೀಸಾಗಿ ಬಂತು. ಒಂದು ವಾರ ತಿಣುಕಿದ್ದು ಒಂದು ಊಟದ ವಿರಾಮದಲ್ಲಿ ಮುಗಿಯಿತು. ಬದುಕಿರುವ ನನ್ನ ಬಗ್ಗೆ ಒಂದು ಸಾಲು ಬರೆಯಲಾಗದವಳು ಸತ್ತ ಅಜ್ಜಿಯ ಬಗ್ಗೆ ಪುಟ ತುಂಬಿಸಿದೆ.

ಸಾವಿಗೆ ನಂಬುವಂಥ ಕಾರಣ ಬೇಕಲ್ಲ. ಮೇಷ್ಟ್ರು ದಿನಾ ಕೊರೆಯುವುದನ್ನೇ ಎತ್ತಿಕೊಂಡೆ. ಒಂದೇ ಔಷಧಿಯನ್ನು ಒಂದೊಂದು ಕಂಪನಿ ಒಂದೊಂದು ಹೆಸರಲ್ಲಿ ಮಾರುತ್ತದೆ. ಇಬ್ಬರು ಡಾಕ್ಟರು ಎರಡು ಹೆಸರು ಬರೆದುಕೊಟ್ಟರೆ ತಿಳಿಯದವರು ಎರಡನ್ನೂ ನುಂಗುತ್ತಾರೆ. ನನ್ನ ಹೇಳಿಕೆಯ ಅಜ್ಜಿ ಹಾಗೆ ನುಂಗಿ, ರಕ್ತದೊತ್ತಡ ತೀರಾ ಇಳಿದು, ನನ್ನ ತೊಡೆಯ ಮೇಲೆ ಪ್ರಾಣ ಬಿಟ್ಟಳು.

ಭಾವನಿಗೆ ಕಳಿಸಿದೆ. ‘ನಡುಗುವ ಕೈಗಳು’ ಎಂದು ಎರಡು ಕಡೆ ಸೇರಿಸಿ, ಅಜ್ಜಿಯ ಬಾಯಲ್ಲಿ ಒಂದು ಕೊನೆಯ ಮಾತು ಇಟ್ಟು ತಿರುಗಿ ಕಳಿಸಿದರು. ಬಂಗಾರದಂತಿದೆ ಎಂದರು. ಓದುತ್ತಾ ನಾನೇ ಕಣ್ಣು ಒರೆಸಿಕೊಂಡೆ. ಥೂ.

ಮಾರ್ಚ್ 11, ಮಂಗಳವಾರ

ಇವತ್ತಿನದನ್ನು ನಡೆದ ಹಾಗೇ ಬರೆಯುತ್ತೇನೆ.

ಅಮ್ಮನ ಬಾಯಲ್ಲಿ ಯಾವ ಮಾತು ನಿಂತಿದೆ? ಬೆಳಿಗ್ಗೆ ಅಜ್ಜಿಗೆ ಹೇಳಿಬಿಟ್ಟಿದ್ದಾಳೆ. ಸಂಜೆ ನಾನು ಚಪ್ಪಲಿ ಬಿಡುವಷ್ಟರಲ್ಲಿ ಅಜ್ಜಿ ಮಂಚದ ಮೇಲೆ ಎದ್ದು ಕೂತಿದ್ದಳು.

“ನನ್ನನ್ನ ಹೇಗೆ ಸಾಯಿಸಿದೀಯ, ಓದು ಕೇಳೋಣ.”

ತಪ್ಪಿಸಿಕೊಳ್ಳಲು ನೋಡಿದೆ, ಬಿಡಲಿಲ್ಲ. ಓದಿದೆ. ನಡುಗುವ ಕೈಗಳು ಬಂದಾಗ ಎರಡೂ ಕೈ ಚಾಚಿ ತೋರಿಸಿದಳು, ನಡುಗುತ್ತಿರಲಿಲ್ಲ. ಕೊನೆಯ ಮಾತಿಗಂತೂ ಸಿಟ್ಟೇ ಬಂತು. ‘ಮಗಳೇ, ನೀನು ಔಷಧಿಶಾಸ್ತ್ರ ಓದಿ ನನ್ನಂಥವರನ್ನು ಉಳಿಸು’ ಎಂದು ಭಾವ ಬರೆದಿದ್ದರು. ಸಾಯುವ ಹೊತ್ತಿನಲ್ಲಿ ನಿನ್ನ ಓದಿನ ಮಾತು ಯಾಕೆ ಆಡಲಿ, ಕುಡಿಯಲು ನೀರು ಕೇಳುತ್ತೇನೆ ಎಂದಳು. ಇಬ್ಬರೂ ನಕ್ಕೆವು. ಆಮೇಲೆ ಅಜ್ಜಿ ನಗು ನಿಲ್ಲಿಸಿದಳು.

“ಒಂದೇ ಔಷಧಿಗೆ ಎರಡು ಹೆಸರು ಇರುತ್ತಾ?”

“ಎರಡೇನು, ಇಪ್ಪತ್ತು ಇರುತ್ತೆ.”

“ಅಂದ್ರೆ ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗೆ.”

“ಹೂಂ, ಹಾಗೇ.”

ಅವಳು ಹೊದಿಕೆ ಸರಿಸಿ ಕಾಲು ಕೆಳಗಿಟ್ಟಳು.

“ಪುಟ್ಟಿ, ಆ ಡಬ್ಬ ತಗೊಂಡು ಬಾ.”

ಡಬ್ಬ ಎಂದರೆ ಅಡುಗೆಮನೆಯ ಕಪಾಟಿನಲ್ಲಿರುವ ಹಳೆಯ ಬಿಸ್ಕತ್ತಿನ ಡಬ್ಬ. ಮನೆಯವರ ಮಾತ್ರೆಗಳೆಲ್ಲ ಅದರಲ್ಲಿ. ಅಮ್ಮ ಪಟ್ಟಿಗಳನ್ನು ಕತ್ತರಿಯಿಂದ ಒಂದೊಂದೇ ಮಾತ್ರೆಯಾಗಿ ಕತ್ತರಿಸಿ ಹಾಕುತ್ತಾಳೆ, ಎಣಿಸಿಕೊಡಲು ಸುಲಭ ಎಂದು. ಅಜ್ಜಿ ಬೆಳಿಗ್ಗೆ ತೆಗೆದುಕೊಳ್ಳುವ ಎರಡು ತುಂಡುಗಳನ್ನು ಹೆಕ್ಕಿ ನನ್ನ ಅಂಗೈ ಮೇಲಿಟ್ಟಳು. ಒಂದು ನಮ್ಮ ಡಾಕ್ಟರು ಬರೆದದ್ದು, ನಾನೇ ಅಂಗಡಿಯಿಂದ ತರುವುದು. ಇನ್ನೊಂದು ಹೋದ ತಿಂಗಳು ಭಾವ ತಮ್ಮ ಪರಿಚಯದ ಡಾಕ್ಟರಿಗೆ ತೋರಿಸಿದಾಗ ಅವರು ಬರೆದದ್ದು. ಅದು ಹೆಚ್ಚು ಒಳ್ಳೆಯದೆಂದು ಭಾವ ರಾಶಿ ಕೊಂಡು ಕೊಟ್ಟಿದ್ದರು.

ಎರಡೂ ಒಂದೇ. ಒಂದೇ ಔಷಧಿ, ಒಂದೇ ಪ್ರಮಾಣ. ನಮ್ಮ ಅಂಗಡಿಯಲ್ಲಿ ಎರಡೂ ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಇವೆ. ದಿನಾ ಧೂಳು ಒರೆಸುವವಳು ನಾನು.

ನಾನು ಕಾಗದದ ಮೇಲೆ ಬರೆದದ್ದು ಪಕ್ಕದ ಕೋಣೆಯಲ್ಲಿ ಪ್ರತಿದಿನ ಬೆಳಿಗ್ಗೆ ನಡೆಯುತ್ತಿತ್ತು, ಅಮ್ಮ ನೀರಿನ ಲೋಟ ಹಿಡಿದು ನಿಂತಿರುತ್ತಿದ್ದಳು. ಕೂಡಲೇ ಡಾಕ್ಟರಿಗೆ ಫೋನ್ ಮಾಡಿದೆ. ನಾಳೆ ಯಾವುದನ್ನೂ ಕೊಡಬೇಡಿ, ಮೊದಲು ಕರೆದುಕೊಂಡು ಬನ್ನಿ ಎಂದರು.

ಮಾರ್ಚ್ 12, ಬುಧವಾರ

ರಕ್ತದೊತ್ತಡ ಇರಬೇಕಾದ್ದಕ್ಕಿಂತ ಬಹಳ ಕೆಳಗಿತ್ತು. ಬಚ್ಚಲಲ್ಲಿ ತಲೆ ತಿರುಗಿದ್ದರೆ ಎಂದು ಡಾಕ್ಟರು ಶುರುಮಾಡಿದವರು, ಅಜ್ಜಿಯ ಮುಖ ನೋಡಿ ನಿಲ್ಲಿಸಿದರು. ಇನ್ನು ಒಂದೇ ಮಾತ್ರೆ.

ಅಮ್ಮ ಅತ್ತಳು. ಬಯ್ಯಬೇಕೆಂದಿದ್ದೆ, ಯಾವ ಮುಖ ಇಟ್ಟುಕೊಂಡು ಬಯ್ಯಲಿ? ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುತ್ತಾರೆ. ನಾನು ಊರಿಗೂ ಉಪಕಾರಿಯಲ್ಲ. ಜನರನ್ನು ಉಳಿಸುತ್ತೇನೆಂದು ಪುಟಗಟ್ಟಲೆ ಬರೆಯುತ್ತಾ, ತಲೆ ತಿರುಗಿದವಳಿಗೆ ಚಹಾ ಚೆಲ್ಲಿದೆಯೆಂದು ಗದರಿದೆ. ಏನೇನು ತೆಗೆದುಕೊಳ್ಳುತ್ತಿದ್ದೀಯ ಎಂದು ಒಂದು ಮಾತು ಕೇಳಲಿಲ್ಲ.

ಹೇಳಿಕೆಯ ಹೆಸರನ್ನು ಮನೆಯಲ್ಲಿ ಯಾರೂ ಎತ್ತಬಾರದೆಂದು ಹೇಳಿದ್ದೇನೆ.

ಮಾರ್ಚ್ 16, ಭಾನುವಾರ

ಅಜ್ಜಿ ಇವತ್ತು ಎದ್ದು ನನ್ನ ಕೋಣೆಯವರೆಗೆ ಗೋಡೆ ಹಿಡಿಯದೆ ಬಂದು, ನಾನು ಮಡಿಸಿಟ್ಟ ಬಟ್ಟೆ ಸರಿಯಿಲ್ಲವೆಂದು ಎಲ್ಲ ಬಿಚ್ಚಿ ತಾನೇ ಮಡಿಸಿದಳು. ಮೊದಲಿನ ಕಾಟ ವಾಪಸ್ ಬಂತು. ಅಬ್ಬ, ಎಷ್ಟು ಸಮಾಧಾನ.

ಹೊಸದು ಬರೆದಿದ್ದೇನೆ. ಅರ್ಧ ಪುಟವೂ ಆಗಿಲ್ಲ. ಅಜ್ಜಿಯನ್ನು ಸಾಯಿಸಿದ್ದು, ಅವಳು ಅದನ್ನು ಕೇಳಿ ಡಬ್ಬ ತರಿಸಿದ್ದು, ನಾನು ಕೇಳದೇ ಇದ್ದದ್ದು, ಅಷ್ಟೇ. ಚೆನ್ನಾಗಿದೆಯೋ ಇಲ್ಲವೋ ಗೊತ್ತಿಲ್ಲ. ಅರ್ಜಿ ತುಂಬುವ ಕಂಪ್ಯೂಟರ್ ಇರುವುದು ಭಾವನ ಆಫೀಸಿನಲ್ಲಿ, ಹಾಗಾಗಿ ಅವರಿಗೇ ಕೊಟ್ಟೆ. ಹಳೆಯದನ್ನು ಹರಿದು ಹಾಕಿ ಎಂದು ಎರಡೆರಡು ಸಲ ಹೇಳಿದೆ. ಹೂಂ ಹೂಂ ಎಂದರು. ಮಾತ್ರೆಯ ವಿಷಯದಲ್ಲಿ ಅವರ ಮುಖವೂ ಸಣ್ಣದಾಗಿತ್ತು.

ಮಾರ್ಚ್ 19, ಬುಧವಾರ

ಹಳೆಯದನ್ನೇ ಕಳಿಸಿದ್ದಾರೆ!

“ಹೊಸದರಲ್ಲಿ ದಮ್ಮಿರಲಿಲ್ಲ ಪುಟ್ಟಿ. ನಿನ್ನ ಒಳ್ಳೇದಕ್ಕೇ ಮಾಡಿದ್ದು.”

ಕಾಲೇಜಿಗೆ ಫೋನ್ ಮಾಡಿದೆ. ಒಮ್ಮೆ ಬಂದ ಅರ್ಜಿಯನ್ನು ಬದಲಿಸಲಾಗದು, ಕೊನೆಯ ದಿನಾಂಕವೂ ಮುಗಿಯಿತು ಎಂದರು. ಈ ಅಳಿಯನನ್ನು ಹುಡುಕಿ ತಂದವರು ಯಾರು ಎಂದು ಅಮ್ಮನನ್ನು ಕೇಳಿದೆ. ಅವಳು ಪಾತ್ರೆ ತೊಳೆಯಲು ಹೋದಳು.

ಮಾರ್ಚ್ 27, ಗುರುವಾರ

ಸಂದರ್ಶನಕ್ಕೆ ಕರೆದಿದ್ದಾರೆ. ಖುಷಿಪಡಲೂ ಆಗದು, ಅಳಲೂ ಆಗದು. ‘ನೋಡಿದೆಯಾ’ ಎಂದು ಭಾವ ಮೂರು ಸಲ ಫೋನ್ ಮಾಡಿದರು. ಅಜ್ಜಿಯ ಮಾತು ಬಂದರೆ ತಲೆ ತಗ್ಗಿಸಿ ಸುಮ್ಮನಿದ್ದುಬಿಡು, ಅವರೇ ಮುಂದಿನ ಪ್ರಶ್ನೆಗೆ ಹೋಗುತ್ತಾರೆ ಎಂಬುದು ಅವರ ಸಲಹೆ. ಅಮ್ಮನದ್ದೂ ಅದೇ. ಕೊನೆಯ ಅವಕಾಶ, ಯಾರಿಗೂ ನಷ್ಟವಿಲ್ಲದ ಸುಳ್ಳು ಎನ್ನುತ್ತಾಳೆ. ಅಜ್ಜಿಯನ್ನು ಕೇಳಿದರೆ ನಾನು ಸತ್ತವಳು, ನನ್ನನ್ನು ಯಾಕೆ ಕೇಳುತ್ತೀಯ ಎಂದಳು.

ಅಂಗಡಿಯಲ್ಲಿ ಇನ್ನೊಂದು ರಗಳೆ. ಯಜಮಾನರು ಹಲ್ಲು ಕೀಳಿಸಲು ಹೋಗಿದ್ದರು, ಅವರ ಜಾಗದಲ್ಲಿ ದಿನದ ಮಟ್ಟಿಗೆ ಬಂದಿದ್ದ ಫಾರ್ಮಸಿಸ್ಟ್ ಚೀಟಿ ನೋಡಿ ಔಷಧಿ ತೆಗೆದಿಡುತ್ತಿದ್ದರು, ಕೌಂಟರಿನಲ್ಲಿ ನಾನು. ಒಬ್ಬ ಮನುಷ್ಯ ತಾಯಿಯ ಔಷಧಿಗೆ ಬಂದವನು ಒಪ್ಪಿಸು ಎಂದರೆ ಒಪ್ಪಿಸಲೊಲ್ಲ. ತಾಯಿಗೆ ಬೇರೆ ಯಾವ ಮಾತ್ರೆ ನಡೆಯುತ್ತಿದೆ ಎಂದರೆ ಅದೂ ಗೊತ್ತಿಲ್ಲ. ಮನೆಗೆ ಫೋನ್ ಮಾಡಿ ಕೇಳಿ ಎಂದೆ. ಸಾಲು ಬೀದಿಗೆ ಇಳಿಯಿತು, ಹಿಂದಿನವರು ಗೊಣಗಿದರು. ಅವನು ನನ್ನನ್ನು ಬಾಯಿಗೆ ಬಂದಂತೆ ಬಯ್ದು, ಕೊನೆಗೆ ಫೋನ್ ಮಾಡಿದ. ಜನರಿಗೆ ಇಷ್ಟೂ ತಾಳ್ಮೆ ಇಲ್ಲದಿದ್ದರೆ ಹೇಗೆ? ಎರಡು ನಿಮಿಷದ ಕೆಲಸ.

ಏಪ್ರಿಲ್ 8, ಮಂಗಳವಾರ

ಕಾಲೇಜು ಇರುವುದು ದೊಡ್ಡ ಆಸ್ಪತ್ರೆಯ ಆವರಣದಲ್ಲೇ. ಅಜ್ಜಿಯ ರಕ್ತದೊತ್ತಡ ಪರೀಕ್ಷೆಯೂ ಅಲ್ಲೇ ಮಾಡಿಸೋಣವೆಂದು ಅಮ್ಮ ಅವಳನ್ನು ನನ್ನ ಜೊತೆ ಹೊರಡಿಸಿದಳು. ಸತ್ತವಳ ಕೈ ಹಿಡಿದುಕೊಂಡು ಸಂದರ್ಶನಕ್ಕೆ ಹೋದವಳು ನಾನೊಬ್ಬಳೇ ಇರಬೇಕು. ಕೋಣೆಯ ಹೊರಗಿನ ಬೆಂಚಿನಲ್ಲಿ ಕೂರಿಸಿ, ಯಾರು ಏನು ಕೇಳಿದರೂ ಮಾತಾಡಬೇಡ ಎಂದು ಹೇಳಿ ಒಳಗೆ ಹೋದೆ. ನಿಜ ಹೇಳಬೇಕೋ ಬೇಡವೋ ಬಾಗಿಲು ತಳ್ಳುವಾಗಲೂ ತೀರ್ಮಾನಿಸಿರಲಿಲ್ಲ.

ಒಳಗೆ ಇಬ್ಬರು ಗಂಡಸರು, ನಡುವೆ ಬಿಳಿಗೂದಲಿನ ಪ್ರೊಫೆಸರಮ್ಮ. ಅಂಕಗಳ ಮಾತು ಮುಗಿಯಿತು, ಅಂಗಡಿಯ ಕೆಲಸದ ಮಾತು ಮುಗಿಯಿತು. ಆಮೇಲೆ ಆಕೆ ನನ್ನ ಹೇಳಿಕೆಯನ್ನು ಕೈಗೆತ್ತಿಕೊಂಡು ದನಿ ತಗ್ಗಿಸಿದರು.

“ನಿಮ್ಮ ಅಜ್ಜಿಯ ವಿಷಯ ಓದಿ ತುಂಬಾ ಸಂಕಟ ಆಯ್ತಮ್ಮ.”

ಭಾವ ಹೇಳಿದ ಹಾಗೆ ತಲೆ ತಗ್ಗಿಸಿದೆ. ತಗ್ಗಿಸಿದರೆ ಪಕ್ಕದ ಬಾಗಿಲ ಸಂದಿಯಲ್ಲಿ ಅಜ್ಜಿಯ ಚಪ್ಪಲಿ ಕಾಣುತ್ತಿತ್ತು. ಕಾಲು ಅಲ್ಲಾಡಿಸುತ್ತಾ ಕೂತಿದ್ದಳು. ತಲೆ ಎತ್ತಿದರೆ ಪ್ರೊಫೆಸರಮ್ಮನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು, ಅದನ್ನೇ ನನ್ನಿಂದ ತಡೆಯಲಾಗಲಿಲ್ಲ.

“ಮೇಡಂ, ನಮ್ಮ ಅಜ್ಜಿ ಹೊರಗಡೆ ಬೆಂಚಿನ ಮೇಲೆ ಕೂತಿದ್ದಾರೆ.”

ಎಡಗಡೆಯವರು ಪೆನ್ನು ಕೆಳಗಿಟ್ಟರು. ಹೇಳಿದೆ, ಎಲ್ಲ ಹೇಳಿದೆ. ಕಳಿಸಿದವರು ಬೇರೆಯಾದರೂ ಬರೆದವಳು ನಾನೇ ಎಂದೂ ಹೇಳಿದೆ. ಹಾಗಾದರೆ ಆ ಎರಡು ಮಾತ್ರೆಯ ಕಥೆಯೂ ಸುಳ್ಳೋ ಎಂದು ಪ್ರೊಫೆಸರಮ್ಮ ಕೇಳಿದರು. ದನಿಯಲ್ಲಿ ಮೊದಲಿನ ಮೆದುತನ ಇರಲಿಲ್ಲ. ಅದು ನಿಜ, ಸಾವು ಮಾತ್ರ ಸುಳ್ಳು ಎಂದೆ. ಬರೆದಾಗ ಅದು ನಿಜವೆಂದು ನನಗೇ ಗೊತ್ತಿರಲಿಲ್ಲ ಎಂದೆ. ಎಷ್ಟು ಅಸಂಬದ್ಧವಾಗಿ ಕೇಳಿಸಿರಬಹುದು.

ಎಡಗಡೆಯವರು ಎದ್ದು ಹೋಗಿ ಬಾಗಿಲು ತೆರೆದರು. ಅಜ್ಜಿ ಕೊರಳು ಚಾಚಿ ಒಳಗೆ ನೋಡಿದಳು. ಅವರು ಏನು ಕೇಳಬೇಕೆಂದು ತೋಚದೆ, ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದರು. ಮಾತಾಡಬೇಡ ಎಂದಿದ್ದೆನಲ್ಲ, ಅಜ್ಜಿ ನನ್ನ ಮುಖ ನೋಡಿದಳು. ಹೇಳು ಎಂದು ತಲೆಯಾಡಿಸಿದೆ. ಬೆಳಿಗ್ಗೆ ತಿಂಡಿಯಾದ ಮೇಲೆ ಬಿಪಿಯದು ಒಂದು, ಒಂದೇ, ಯಾರು ಬೇರೆ ಹೆಸರಿನದು ಕೊಟ್ಟರೂ ಮೊಮ್ಮಗಳಿಗೆ ತೋರಿಸದೆ ನುಂಗುವಂತಿಲ್ಲ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ದಿನಾ ಬೆಳಿಗ್ಗೆ ಒಪ್ಪಿಸಿಕೊಳ್ಳುತ್ತೇನಲ್ಲ, ಬಾಯಿಪಾಠವಾಗಿದೆ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು.

“ನಾನು ಸತ್ತೆ ಅಂತ ಇವಳಿಗೆ ಸೀಟು ಕೊಡಬೇಡಿ. ಕೊಡೋದಾದ್ರೆ ಬದುಕಿದೀನಿ ಅಂತ ಕೊಡಿ.”

ಬಸ್ಸಿನಲ್ಲಿ ಅಜ್ಜಿ ಕಿಟಕಿ ಪಕ್ಕದ ಸೀಟು ಸಿಕ್ಕಿದ್ದಕ್ಕೆ ಖುಷಿಯಲ್ಲಿದ್ದಳು. ರಕ್ತದೊತ್ತಡ ಸರಿಯಾಗಿದೆಯಂತೆ.

ಏಪ್ರಿಲ್ 22, ಮಂಗಳವಾರ

ಉತ್ತರ ಬಂತು. ಹೇಳಿಕೆಯಲ್ಲಿ ಅಸತ್ಯವಿದ್ದುದರಿಂದ ಈ ವರ್ಷದ ಅರ್ಜಿ ತಿರಸ್ಕೃತ. ಅದನ್ನು ಓದಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಪೆಟ್ಟಿಗೆಗಳ ನಡುವೆ ಕೂತು ಅತ್ತೆ. ಯಜಮಾನರು ಒಳಗೆ ಇಣುಕಿ, ಏನೂ ಕೇಳದೆ ಹೋಗಿ ಕೌಂಟರಿನಲ್ಲಿ ತಾವೇ ನಿಂತರು. ಕೆಳಗೆ ಇನ್ನೊಂದು ಪ್ಯಾರಾ ಇದೆಯೆಂದು ಕಂಡದ್ದು ಆಮೇಲೆ. ಸಂದರ್ಶನದಲ್ಲಿ ಸ್ವತಃ ನಿಜ ಹೇಳಿದ ಕಾರಣ, ಮುಂದಿನ ವರ್ಷ ಮೂರನೇ ಸಲ ಅರ್ಜಿ ಸಲ್ಲಿಸಲು ವಿಶೇಷ ಅನುಮತಿ ನೀಡಲಾಗಿದೆ. ಹೊಸ ಹೇಳಿಕೆಯನ್ನು ಅಭ್ಯರ್ಥಿಯೇ ಬರೆದು, ಅಭ್ಯರ್ಥಿಯೇ ಕಳಿಸತಕ್ಕದ್ದು.

ಅಂದರೆ ಇನ್ನೊಂದು ವರ್ಷ ಅದೇ ಕೌಂಟರು. ಆಮೇಲೆ ಮತ್ತೆ ಆ ದರಿದ್ರ ಹೇಳಿಕೆ. ನನ್ನ ಹಣೆಬರಹದಲ್ಲಿ ವೈಯಕ್ತಿಕ ಹೇಳಿಕೆ ಎಂದೇ ಬರೆದಿರಬೇಕು.

ಮನೆಯಲ್ಲಿ ಓದಿ ಹೇಳಿದೆ. ಅಮ್ಮ ಅತ್ತಳು, ಆಮೇಲೆ ನಕ್ಕಳು. ಭಾವ ಫೋನಿನಲ್ಲಿ ಕ್ಷಮೆ ಕೇಳಿ, ಮುಂದಿನ ವರ್ಷಕ್ಕೆ ತಮ್ಮ ಬಳಿ ಒಂದು ಉಪಾಯವಿದೆ ಎಂದರು. ಫೋನ್ ಇಟ್ಟುಬಿಟ್ಟೆ. ಅಜ್ಜಿ ಮಾತ್ರ ಆ ಕಾಗದವನ್ನು ಕೈಗೆ ತೆಗೆದುಕೊಂಡು, ಓದಲು ಬಾರದಿದ್ದರೂ ಬಹಳ ಹೊತ್ತು ನೋಡಿದಳು.

“ಅಂದ್ರೆ ಮುಂದಿನ ವರ್ಷದ ತನಕ ನಾನು ಸಾಯೋ ಹಾಗಿಲ್ಲ ಅಂತಾಯ್ತು.”

ಇಲ್ಲ, ಸಾಯುವ ಹಾಗಿಲ್ಲ ಎಂದೆ. ನಾಳೆ ಬೆಳಿಗ್ಗೆ ಯಾವ ಮಾತ್ರೆ, ಎಷ್ಟು, ಒಪ್ಪಿಸು ಎಂದೆ. ಒಪ್ಪಿಸಿದಳು.